ಒಂದು ರೇಡ್, ಒಂದು ಸಹಿ: ಸಾಂಗ್ಲಿಯ ಗೋಕುಳನಗರದ ಪ್ರಕರಣ

2005ರ ಮೇ 20ರಂದು ಮಹಾರಾಷ್ಟ್ರದ ಸಾಂಗ್ಲಿಯ ಗೋಕುಳನಗರದ ಕೆಂಪುದೀಪದ ಓಣಿಗಳಲ್ಲಿ ರೇಡ್ ಬಿತ್ತು. ಪೊಲೀಸರ ಜೊತೆಗೆ ಅಮೆರಿಕದ ರಿಸ್ಟೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯವರೂ ಬಂದಿದ್ದರು. ಧಂದೆಯಲ್ಲಿ ಸಿಕ್ಕಿಬಿದ್ದ ಅಪ್ರಾಪ್ತ ಹುಡುಗಿಯರನ್ನು ಬಿಡಿಸುತ್ತೇವೆ ಎಂಬುದು ಅವರು ಕೊಟ್ಟ ಕಾರಣ. ಮೂವತ್ತಕ್ಕೂ ಹೆಚ್ಚು ಹೆಂಗಸರನ್ನು ಹಿಡಿದು ಗಾಡಿ ಹತ್ತಿಸಿದರು. ತಮ್ಮನ್ನು ಬಡಿದು ಎಳೆದೊಯ್ದರೆಂದು ಹೆಂಗಸರು ಆಮೇಲೆ ದೂರಿದರು.

ಇಂಥ ರೇಡುಗಳು ದೇಶದಲ್ಲಿ ವಾರಕ್ಕೊಂದಾದರೂ ನಡೆಯುತ್ತವೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುತ್ತವೆ. ಗೋಕುಳನಗರದ್ದು ಹಾಗೆ ಮುಗಿಯಲಿಲ್ಲ. ಅಲ್ಲಿಯ ಹೆಂಗಸರಿಗೆ ಆಗಲೇ ಸುಮಾರು ಹತ್ತು ವರ್ಷದಿಂದ ತಮ್ಮದೇ ಸಂಘಟನೆ ಇತ್ತು. ಅವರ ಏಡ್ಸ್ ತಡೆ ಕೆಲಸಕ್ಕೆ ಬರುತ್ತಿದ್ದ ಹಣದ ಒಂದು ಪಾಲು ಅಮೆರಿಕ ಸರ್ಕಾರದ್ದೇ ಆಗಿತ್ತು. ಆ ಹಣಕ್ಕೆ ಅಂಟಿಕೊಂಡಿದ್ದ ಒಂದು ಷರತ್ತು ಅದೇ ವರ್ಷ ಅವರ ಬಾಗಿಲಿಗೂ ಬಂದು ನಿಂತಿತು. ಇನ್ನೊಂದು ವಿಷಯ ನಮಗೆ ಸೇರಿದ್ದು: ಗಾಡಿ ಹತ್ತಿಸಿದ ಜಾಗ ಮಹಾರಾಷ್ಟ್ರದ್ದಾದರೂ ಆ ಓಣಿಗಳ ಬಹಳಷ್ಟು ಹೆಂಗಸರ ತವರು ನಮ್ಮ ಕಡೆಯದು.

ಓಣಿ ಮತ್ತು ಅದರ ಜನ

ಸಾಂಗ್ಲಿ ಕೃಷ್ಣಾ ದಂಡೆಯ ಊರು. ಅರಿಶಿನದ ದೊಡ್ಡ ಪೇಟೆ, ಸುತ್ತ ಸಕ್ಕರೆ ಕಾರ್ಖಾನೆಗಳು, ಹಗಲೂ ರಾತ್ರಿ ಓಡಾಡುವ ಲಾರಿಗಳು. ಪಕ್ಕದ ಮಿರಜ್ ರೈಲ್ವೆ ಜಂಕ್ಷನ್. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯವರಿಗೆ ದವಾಖಾನೆ, ಸಂತೆ, ಕೆಲಸ ಎಲ್ಲಕ್ಕೂ ಮಿರಜ್–ಸಾಂಗ್ಲಿಯೇ ಹತ್ತಿರ. ಗಡಿ ನಕಾಶೆಯಲ್ಲಿದೆ, ಬದುಕಿನಲ್ಲಿ ಅಷ್ಟಾಗಿ ಇಲ್ಲ. ಗೋಕುಳನಗರದಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುವುದು ಇದರಿಂದಲೇ.

ಇವರಲ್ಲಿ ಅನೇಕರು ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು, ಇಲ್ಲವೇ ಅಂಥವರ ಮಕ್ಕಳು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧಿಸಿ 1982ರಲ್ಲಿ ಕಾಯ್ದೆ ಮಾಡಿತು. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ಒಟ್ಟು 46,660 ದೇವದಾಸಿಯರನ್ನು ಗುರುತಿಸಿತು. ಪಿಂಚಣಿ, ಸಾಲ, ಮನೆ ಎಲ್ಲ ಬಹುಕಾಲ ಈ ಪಟ್ಟಿಯ ಮೇಲೆಯೇ ನಡೆದವು. ಸಮೀಕ್ಷೆಯವರು ಊರಿಗೆ ಬಂದಾಗ ಸಾಂಗ್ಲಿಯಲ್ಲೋ ಪುಣೆಯಲ್ಲೋ ಇದ್ದವಳ ಹೆಸರು ಪಟ್ಟಿಗೆ ಹೇಗೆ ಹತ್ತಬೇಕು?

ದೇವದಾಸಿ ಮನೆಯ ಲೆಕ್ಕ ಬೇರೆ ಥರದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗುವವಳಲ್ಲ; ತವರನ್ನು ಸಾಕುವವಳು. ತಮ್ಮನ ಓದು, ತಂಗಿಯ ಮದುವೆ, ಅವ್ವನ ಔಷಧಿ ಎಲ್ಲ ಅವಳ ಗಳಿಕೆಯಿಂದ. ಊರಿನಿಂದ ಅವಳನ್ನು ಓಣಿಗೆ ಕರೆತಂದವಳು ಬಹುತೇಕ ಚಿಗವ್ವನೋ ನೆರೆಮನೆಯ ಅಕ್ಕನೋ ಆಗಿರುತ್ತಾಳೆ. “ನಿನ್ನನ್ನು ಇಲ್ಲಿಗೆ ಯಾರು ತಂದರು?” ಎಂದು ಠಾಣೆಯಲ್ಲಿ ಕೇಳಿದಾಗ ಅವಳು ಚಿಗವ್ವನ ಹೆಸರು ಹೇಳಿದಳೆನ್ನಿ, ಅನೈತಿಕ ವ್ಯವಹಾರ ತಡೆ ಕಾಯ್ದೆಯ 5ನೇ ಸೆಕ್ಷನ್ನಿನಡಿ ಚಿಗವ್ವ ಆರೋಪಿಯಾಗುತ್ತಾಳೆ. ಈ ಪದ್ಧತಿಯನ್ನು ನಾನು ಸಮರ್ಥಿಸುತ್ತಿಲ್ಲ. ಸಣ್ಣ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದು ಅನ್ಯಾಯವೇ. ಆದರೆ ಹತ್ತು ವಯಸ್ಸಿನಲ್ಲಾದ ಅನ್ಯಾಯಕ್ಕೆ ಅವಳ ಮೂವತ್ತನೇ ವಯಸ್ಸಿನಲ್ಲಿ ಗಾಡಿ ತಂದು ನಿಲ್ಲಿಸಿದರೆ ಪರಿಹಾರವಾಗುವುದಿಲ್ಲ.

ರೇಡಿಗೆ ಮೊದಲಿನ ಹದಿಮೂರು ವರ್ಷ

ಮೀನಾ ಶೇಷು ಮತ್ತು ಜೊತೆಗಾರರು ಸಂಗ್ರಾಮ್ ಎಂಬ ಸಂಸ್ಥೆ ಕಟ್ಟಿ 1992ರಲ್ಲಿ ಸಾಂಗ್ಲಿಯ ಈ ಓಣಿಗಳಲ್ಲಿ ಕೆಲಸ ಶುರು ಮಾಡಿದರು. ಆಗ ಏಡ್ಸ್ ಎಂದರೆ ದೇಶಕ್ಕೇ ದಿಗಿಲು. ಧಂದೆಯ ಹೆಂಗಸರನ್ನು ರೋಗ ಹರಡುವವರೆಂದು ನೋಡುವುದು ಆರೋಗ್ಯ ಇಲಾಖೆಯ ಮಾಮೂಲಿ ದೃಷ್ಟಿಯಾಗಿತ್ತು. ಸಂಗ್ರಾಮ್ ಮಾಡಿದ ಮುಖ್ಯ ಕೆಲಸ ಏನೆಂದರೆ ಕಾಂಡೋಮ್ ಹಂಚುವುದನ್ನು, ಕಾಯಿಲೆಯವರನ್ನು ದವಾಖಾನೆಗೆ ಕರೆದೊಯ್ಯುವುದನ್ನು, ಹೊಸಬರಿಗೆ ತಿಳಿಹೇಳುವುದನ್ನು ಆ ಹೆಂಗಸರ ಕೈಗೇ ಒಪ್ಪಿಸಿದ್ದು. 1996ರಲ್ಲಿ ಆ ಹೆಂಗಸರೇ ತಮ್ಮ ಸಂಘವನ್ನು ನೋಂದಾಯಿಸಿಕೊಂಡರು: ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್, ಚಿಕ್ಕದಾಗಿ ವ್ಯಾಂಪ್. ಸಾಂಗ್ಲಿ, ಮಿರಜ್, ಕೊಲ್ಹಾಪುರ, ಸಾತಾರಾ ದಾಟಿ ಅದರ ಕೆಲಸ ನಮ್ಮ ನಿಪ್ಪಾಣಿಗೂ ಬಂತು.

ಇದು ಏಕೆ ಫಲ ಕೊಟ್ಟಿತು ಎಂಬುದು ಈ ಪ್ರಕರಣದ ತಿರುಳು, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಒಬ್ಬಳು ಗಿರಾಕಿಗೆ “ಕಾಂಡೋಮ್ ಇಲ್ಲದಿದ್ದರೆ ಆಗೋದಿಲ್ಲ” ಎಂದರೆ ಅವನು ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಅವತ್ತಿನ ಗಳಿಕೆ ಹೋಯಿತು, ಮನೆ ನಡೆಸುವ ಘರ್‌ವಾಲಿಯ ಬೈಗುಳವೂ ಸೇರಿತು. ಮರುದಿನ ಅವಳೂ ಬಿಟ್ಟುಕೊಡುತ್ತಾಳೆ. ಆದರೆ ಇಡೀ ಓಣಿ ಒಂದೇ ಮಾತು ಹೇಳಿದರೆ ಗಿರಾಕಿಗೆ ಹೋಗಲು ಇನ್ನೊಂದು ಬಾಗಿಲಿಲ್ಲ. ಓಣಿಯ ಒಗ್ಗಟ್ಟಿಗೆ ಬೇಕಾದದ್ದು ಎರಡು: ಹೆಂಗಸರು ಒಂದೇ ಜಾಗದಲ್ಲಿ ಕಾಣುವಂತೆ ಇರಬೇಕು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಬೇಕು. ವೈದ್ಯಕೀಯದ ಮಾತು ಇದರಲ್ಲಿ ಕಡಿಮೆ, ಸಂಘದ ಮಾತೇ ಹೆಚ್ಚು. ಬೀಡಿ ಕಟ್ಟುವವರು ಕೂಲಿ ದರಕ್ಕೆ ಹಠ ಹಿಡಿದು ನಿಂತ ಹಾಗೆಯೇ ಇದು.

ಅಪ್ರಾಪ್ತರ ವಿಷಯದಲ್ಲೂ ಇದೇ ನಂಟು ಕೆಲಸಕ್ಕೆ ಬರುತ್ತದೆ. ಓಣಿಗೆ ಹೊಸ ಹುಡುಗಿ ಬಂದರೆ ಮೊದಲು ಗೊತ್ತಾಗುವುದು ಎದುರು ಮನೆಯವಳಿಗೆ. ಅವಳಿಗೆ ಹದಿನಾರೋ ಇಪ್ಪತ್ತೋ, ಅಳುತ್ತಿದ್ದಾಳೋ ಇಲ್ಲವೋ, ಕರೆತಂದವನು ಯಾರು ಎಂಬುದು ಪೊಲೀಸರಿಗೆ ತಿಳಿಯುವ ಎಷ್ಟೋ ಮೊದಲೇ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆ ತಿಳಿದಿರುತ್ತದೆ. ಒತ್ತಾಯದಿಂದ ಬಂದವರನ್ನು, ಅಪ್ರಾಪ್ತರನ್ನು ಧಂದೆಯಲ್ಲಿ ಇರಗೊಡುವುದಿಲ್ಲ ಎಂಬುದು ಪರಿಷತ್ತಿನ ಘೋಷಿತ ನಿಲುವು. ಅದು ಎಲ್ಲ ಸಲವೂ ನಡೆಯಿತೆಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೂ ಅಂಥ ಹುಡುಗಿಯನ್ನು ಕಾಣಬಲ್ಲ ಕಣ್ಣುಗಳು ಇದ್ದದ್ದು ಅಲ್ಲಿಯೇ.

ಕಾಯ್ದೆ ಹಿಡಿದವಳ ಪಾಡು

ಅನೈತಿಕ ವ್ಯವಹಾರ ತಡೆ ಕಾಯ್ದೆಯ ಕೇಸು ಠಾಣೆಯ ಬಾಯಿಮಾತಿನಲ್ಲಿ “ಪಿಟಾ ಕೇಸ್”. 1956ರ ಕಾಯ್ದೆ ಅದು. ವಯಸ್ಕ ಹೆಂಗಸೊಬ್ಬಳು ಹಣಕ್ಕೆ ಲೈಂಗಿಕ ಸಂಪರ್ಕ ಮಾಡುವುದು ತಾನಾಗಿ ಅಪರಾಧ ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ಅದರ ಸುತ್ತಲಿನ ಎಲ್ಲವೂ ಅಪರಾಧ. ಮನೆ ನಡೆಸಿದರೆ 3ನೇ ಸೆಕ್ಷನ್, ಆ ಗಳಿಕೆಯಲ್ಲಿ ಬದುಕಿದರೆ 4, ಸಾರ್ವಜನಿಕ ಸ್ಥಳದ ಆಸುಪಾಸಿನಲ್ಲಿ ನಡೆದರೆ 7, ಗಿರಾಕಿಯನ್ನು ಕರೆದರೆ 8. ಅವಳ ಜೊತೆ ವಾಸಿಸುವ ಹದಿನೆಂಟು ದಾಟಿದವನು ಅವಳ ಗಳಿಕೆಯಲ್ಲೇ ಬದುಕುತ್ತಿದ್ದಾನೆಂದು 4ನೇ ಸೆಕ್ಷನ್ ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ಅವನೇ ತೋರಿಸಿಕೊಡಬೇಕು. ಕಾಲೇಜಿಗೆ ಹೋಗುವ ಮಗನೂ ಈ ಊಹೆಯಿಂದ ಹೊರಗಿಲ್ಲ.

ರೇಡಿನ ವಿಧಾನ 15ನೇ ಸೆಕ್ಷನ್ನಿನಲ್ಲಿದೆ: ವಾರಂಟ್ ಬೇಡ, ಆದರೆ ಸ್ಥಳೀಯ ಪಂಚರಿರಬೇಕು, ಅವರಲ್ಲಿ ಒಬ್ಬಳಾದರೂ ಹೆಂಗಸು, ಜೊತೆಗೆ ಇಬ್ಬರು ಮಹಿಳಾ ಪೊಲೀಸರು. ಆಮೇಲಿನದು 17. ಹಿಡಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ವಿಚಾರಣೆ ಮುಗಿಯುವವರೆಗೆ ಸುಧಾರಗೃಹದಲ್ಲಿ ಇಡಬೇಕು, ರಕ್ಷಣೆ ಬೇಕೆಂದು ಕಂಡರೆ ಒಂದರಿಂದ ಮೂರು ವರ್ಷದವರೆಗೂ ಇಡಬಹುದು. ಅವಳನ್ನು ಒಪ್ಪಿಸಲು ತಂದೆ–ತಾಯಿ, ಗಂಡ ಯೋಗ್ಯರೇ ಎಂದೂ ನೋಡಬೇಕು. ಇದನ್ನೆಲ್ಲ ಬರೆದವರು ಹುಡುಗಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಮೂವತ್ತೈದರ ಹೆಂಗಸಿಗೂ ಅದೇ ದಾರಿ.

ಉದಾಹರಣೆಗೆ ಅಥಣಿ ಕಡೆಯ ಒಬ್ಬಳನ್ನು ಊಹಿಸಿಕೊಳ್ಳಿ. ವಯಸ್ಸು ಮೂವತ್ತೆರಡು, ಇಬ್ಬರು ಮಕ್ಕಳು, ಊರಲ್ಲಿ ಅವ್ವ. ಸಂಜೆ ಸ್ಟೋವಿನ ಮೇಲೆ ಅನ್ನಕ್ಕಿಟ್ಟಿದ್ದಾಳೆ. ರೇಡ್ ಬೀಳುತ್ತದೆ. ಸೀರೆ ಸರಿಮಾಡಿಕೊಳ್ಳುವಷ್ಟು ಹೊತ್ತೂ ಇಲ್ಲ. ಟ್ರಂಕಿನಲ್ಲಿ ಚೀಟಿಯ ಹಣವಿದೆ, ಬಾಗಿಲಿಗೆ ಬೀಗ ಹಾಕಲಿಲ್ಲ. ಮಕ್ಕಳು ಶಾಲೆಯಿಂದ ಬಂದರೆ ಯಾರು ನೋಡಬೇಕು ಎಂದು ಗಾಡಿಯಿಂದಲೇ ಎದುರು ಮನೆಯವಳಿಗೆ ಕೂಗಬೇಕು, ಆದರೆ ಎದುರು ಮನೆಯವಳೂ ಗಾಡಿಯಲ್ಲೇ ಇದ್ದಾಳೆ. ಮೂರು ವಾರದ ನಂತರ ಕೋರ್ಟಿನಲ್ಲಿ ಅವಳಿಗೆ ಹೇಳುತ್ತಾರೆ, ಅವ್ವನನ್ನು ಕರೆದುಕೊಂಡು ಬಾ, ಗುರುತಿನ ಕಾಗದ ತರಲಿ, ಬರೆದುಕೊಟ್ಟು ಕರೆದೊಯ್ಯಲಿ. “ಸಾಹೇಬ್ರ, ನಮ್ಮವ್ವನ್ನ ಸಾಕಾಕಿ ನಾನ ಅದೇನ್ರಿ. ಆಕಿ ಬಂದು ನನ್ನ ಹೆಂಗ ಬಿಡಿಸ್ತಾಳ್ರಿ?” ಎನ್ನಬೇಕಾದ ಸ್ಥಿತಿ. ಬಿಡಿಸಲು ಬರುವ ಅವ್ವ ವಕೀಲರ ಫೀಸಿಗೆ ಬಡ್ಡಿ ಸಾಲ ತಂದಿರುತ್ತಾಳೆ. ಊರಿಗೂ ಸುದ್ದಿ ಮುಟ್ಟಿರುತ್ತದೆ. ಸಾಲ ತೀರಿಸಲು ಅವಳಿಗೆ ಗೊತ್ತಿರುವ ದಾರಿ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ವಯಸ್ಸಿನ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಜನನ ಪ್ರಮಾಣಪತ್ರ ಇಲ್ಲದವಳ ಮಣಿಕಟ್ಟು, ಮೊಣಕೈಯ ಎಕ್ಸ್‌ರೇ ತೆಗೆದು ಮೂಳೆ ಕೂಡಿಕೊಂಡದ್ದನ್ನು ನೋಡಿ ವಯಸ್ಸು ಹೇಳುತ್ತಾರೆ. ಇದರಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಒಪ್ಪಿಕೊಂಡಿದೆ. ಹತ್ತೊಂಬತ್ತರವಳು ಹದಿನೇಳಾಗಬಹುದು, ಹದಿನೇಳರವಳು ಹತ್ತೊಂಬತ್ತಾಗಬಹುದು. ಹುಡುಗಿಯರನ್ನು ಉಳಿಸುವ ಇಡೀ ಕಾರ್ಯಾಚರಣೆ ಇಷ್ಟು ಸಡಿಲವಾದ ಅಳತೆಯ ಮೇಲೆ ನಿಂತಿದೆ.

ರೇಡಿನ ಪರ ಮಾತಾಡುವವರದು ಪೂರ್ತಿ ಪೊಳ್ಳು ವಾದವೆಂದು ನಾನು ಹೇಳುವುದಿಲ್ಲ. ಘರ್‌ವಾಲಿಯ ಕಣ್ಣೆದುರು ಹೆದರಿದ ಹುಡುಗಿ ನಿಜ ಹೇಳಲಾರಳು, ಹೊರಗೆ ಕರೆತಂದ ಮೇಲಷ್ಟೇ ಬಾಯಿ ಬಿಡುತ್ತಾಳೆ ಎನ್ನುತ್ತಾರೆ. ಅದು ಸರಿಯೇ. ಮಾರಾಟವಾಗಿ ಬಂದು ಕೂಡಿಹಾಕಲ್ಪಟ್ಟ ಹುಡುಗಿಯರು ಈ ದೇಶದಲ್ಲಿ ಇದ್ದಾರೆ, ಅವರಿಗೆ ಪೊಲೀಸರು ಬರಲೇಬೇಕು. ತಕರಾರು ಇರುವುದು ಒಬ್ಬಳಿಗಾಗಿ ಇಡೀ ಓಣಿಯನ್ನು ಬಲೆ ಬೀಸಿ ಎತ್ತುವುದಕ್ಕೆ. ಮುಂದಿನ ಸಲ ಅಂಥ ಹುಡುಗಿ ಬಂದಾಗ ಸುಳಿವು ಕೊಡಬೇಕಾದವಳೇ ಈ ಸಲ ಸುಧಾರಗೃಹದಲ್ಲಿ ಕೂತು ಬಂದವಳಾದರೆ ಅವಳು ಬಾಯಿ ಬಿಡುತ್ತಾಳೆಯೇ?

ಸಹಿಯ ಕಥೆ

ಇನ್ನು ಹಣದ ಕಡೆ. ಅಮೆರಿಕ ಏಡ್ಸ್, ಕ್ಷಯ, ಮಲೇರಿಯಾ ತಡೆಗೆಂದು 2003ರಲ್ಲಿ ಕಾನೂನು ಮಾಡಿ ಐದು ವರ್ಷಕ್ಕೆ 1,500 ಕೋಟಿ ಡಾಲರ್ ಎತ್ತಿಟ್ಟಿತು. ಜಾರ್ಜ್ ಬುಷ್ ಕಾಲದ ದೊಡ್ಡ ಕಾರ್ಯಕ್ರಮ. ಅದರಿಂದ ಆಫ್ರಿಕದಲ್ಲಿ ಲಕ್ಷಾಂತರ ಜೀವ ಉಳಿದದ್ದು ಸುಳ್ಳಲ್ಲ. ಆದರೆ ಅದರಲ್ಲೊಂದು ಷರತ್ತು ಇತ್ತು: ಹಣ ಪಡೆಯುವ ಸಂಸ್ಥೆ ತಾನು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇನೆಂಬ ಸ್ಪಷ್ಟ ನೀತಿ ಹೊಂದಿರಬೇಕು. ಆ ಹಣದಲ್ಲಿ ಏನು ಮಾಡಬಾರದೆಂದು ಹೇಳಿದ್ದರೆ ಬೇರೆ ಮಾತು. ಇದು ಸಂಸ್ಥೆ ಒಟ್ಟಾರೆ ಏನು ನಂಬಬೇಕು ಎಂದು ಬರೆಸಿಕೊಳ್ಳುವ ಕರಾರಾಗಿತ್ತು.

ಸಂಗ್ರಾಮ್‌ಗೆ ಈ ಹಣ ಬರುತ್ತಿದ್ದದ್ದು ಮುಂಬೈಯ ಅವರ್ಟ್ ಸೊಸೈಟಿಯ ಮೂಲಕ. 2005ರಲ್ಲಿ ಸಂಗ್ರಾಮ್ ಸಹಿ ಹಾಕಲಿಲ್ಲ, ಹಣ ಬಿಟ್ಟಿತು. ಹಾಕಲು ಸಾಧ್ಯವೂ ಇರಲಿಲ್ಲ. ಮನೆಮನೆಗೆ ಹೋಗಿ ಕಾಂಡೋಮ್ ಕೊಡುವ ಹೆಂಗಸೇ ಧಂದೆಯವಳು. ಅವಳ ಕೈಗೆ ಕೆಲಸ ಕೊಟ್ಟ ಸಂಸ್ಥೆ ನಿನ್ನ ಬದುಕನ್ನು ನಾವು ಸಾಂಸ್ಥಿಕವಾಗಿ ವಿರೋಧಿಸುತ್ತೇವೆ ಎಂದು ಬರೆದುಕೊಟ್ಟರೆ ನಾಳೆ ಬೆಳಿಗ್ಗೆ ಯಾವ ಮುಖ ಹೊತ್ತು ಅವಳ ಬಾಗಿಲಿಗೆ ಹೋಗಬೇಕು? ಅದೇ ವರ್ಷ ಬ್ರೆಜಿಲ್ ದೇಶವೂ ಇದೇ ಷರತ್ತಿಗಾಗಿ ಸುಮಾರು 4 ಕೋಟಿ ಡಾಲರ್ ನೆರವನ್ನು ತಿರಸ್ಕರಿಸಿತು. ಬ್ರೆಜಿಲ್‌ಗೆ ತನ್ನ ಖಜಾನೆ ಇತ್ತು. ಸಾಂಗ್ಲಿಯ ಸಂಸ್ಥೆಗೆ ಏನಿತ್ತು ಎಂದು ಯೋಚಿಸಿದರೆ ಅದರ ಗಟ್ಟಿತನ ತಿಳಿಯುತ್ತದೆ.

ರೇಡ್ ಮತ್ತು ಸಹಿ ಎರಡೂ ಒಂದೇ ಹೊತ್ತಿಗೆ ಬಂದದ್ದರಿಂದ ಏಟು ಇಮ್ಮಡಿಯಾಯಿತು. ರೇಡನ್ನು ವಿರೋಧಿಸಿ ಹೆಂಗಸರು ದನಿ ಎತ್ತಿದ್ದೇ ತಪ್ಪಾಗಿ ಕಂಡಿತು. ಹುಡುಗಿಯರ ಬಿಡುಗಡೆಗೆ ಅಡ್ಡಬಂದ ಸಂಸ್ಥೆ, ಮಾನವ ಸಾಗಣೆದಾರರ ಬೆಂಬಲಿಗರು ಎಂಬ ಆರೋಪ ವಾಷಿಂಗ್ಟನ್ನಿನ ತನಕ ಹೋಯಿತು. ಅಲ್ಲಿಯ ಸಂಸದರು ಇದನ್ನು ಹಿಡಿದುಕೊಂಡು ತಮ್ಮ ನೆರವು ಸಂಸ್ಥೆಯನ್ನು ಪ್ರಶ್ನಿಸಿದರು. ಗೋಕುಳನಗರದ ಹೆಂಗಸರ ಹೇಳಿಕೆಗೆ ಆ ದೂರಿನಷ್ಟು ಬೇಗ ಸಾಗರ ದಾಟಲಾಗಲಿಲ್ಲ. “ಉದ್ಧಾರಕರಿಂದ ನಮ್ಮನ್ನು ಉಳಿಸಿ” ಎಂಬ ವ್ಯಾಂಪ್‌ನ ಘೋಷಣೆ ಇಂಥ ಅನುಭವಗಳಿಂದ ಬಂದದ್ದು.

ಷರತ್ತಿನ ಮುಂದಿನ ಕಥೆ ಬೇಗ ಹೇಳಿಬಿಡಬಹುದು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–2 ಬಹುಮತದಿಂದ ಅಲ್ಲಿಯ ಸಂಸ್ಥೆಗಳ ಮೇಲೆ ಈ ಷರತ್ತು ಹೇರುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. 2020ರಲ್ಲಿ ಅದೇ ಕೋರ್ಟ್ 5–3ರಿಂದ ಹೇಳಿತು: ಹೊರದೇಶದ ಸಂಸ್ಥೆಗಳಿಗೆ ಆ ಸ್ವಾತಂತ್ರ್ಯ ಅನ್ವಯಿಸದು. ಅಂದರೆ ನ್ಯೂಯಾರ್ಕಿನ ಸಂಸ್ಥೆ ಸಹಿ ಹಾಕಬೇಕಿಲ್ಲ, ಸಾಂಗ್ಲಿಯದು ಹಾಕಬೇಕು.

ಚದುರಿದ ಮೇಲೆ

ಗೋಕುಳನಗರದವರಿಗೆ ಸಂಘವಿತ್ತು, ಹಾಗಾಗಿ ಓಣಿ ಮತ್ತೆ ಎದ್ದು ನಿಂತಿತು. ಸಂಘ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅದರ ಹಿಂದಿನ ವರ್ಷದ ಗೋವಾ ಸಾಕ್ಷಿ. ವಾಸ್ಕೋದ ಬೈನಾ ಬೀಚಿನಲ್ಲಿ 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ, ಕೆಂಪುದೀಪದ ಬಸ್ತಿಯನ್ನು ಬುಲ್ಡೋಜರ್ ತಂದು ನೆಲಸಮ ಮಾಡಿದರು. ಅಲ್ಲಿಯೂ ಕರ್ನಾಟಕ, ಆಂಧ್ರದ ಹೆಂಗಸರೇ ಹೆಚ್ಚಾಗಿದ್ದರು. ಬಸ್ತಿ ಒಡೆದರೆ ಧಂದೆ ನಿಲ್ಲಲಿಲ್ಲ. ಲಾಡ್ಜು, ಬಾಡಿಗೆ ಮನೆ, ಬಸ್ ನಿಲ್ದಾಣ, ರಸ್ತೆಬದಿ ಎಂದು ಚದುರಿ ಕಣ್ಮರೆಯಾಯಿತು. ಆ ಹೆಂಗಸರ ಬೆನ್ನುಹತ್ತಿ ಅಧ್ಯಯನ ಮಾಡಿದ ಸಂಶೋಧಕರು ಕಂಡದ್ದೂ ಇದನ್ನೇ: ಹೊಸ ಜಾಗಗಳಲ್ಲಿ ಅಪಾಯ ಹೆಚ್ಚು, ಎಚ್‌ಐವಿ ತಡೆಯ ಕೆಲಸಗಾರರಿಗೆ ಅವರನ್ನು ತಲುಪುವುದೇ ಕಷ್ಟ. ಕತ್ತಲಲ್ಲಿ ಒಬ್ಬಳೇ ನಿಂತವಳಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಸಂಗ್ರಾಮ್ ಮತ್ತು ವ್ಯಾಂಪ್ ಸುಮ್ಮನೆ ಅಳುತ್ತಾ ಕೂರದೆ ಲೆಕ್ಕ ತೆಗೆದವು. ರೇಡಿನಲ್ಲಿ ಹಿಡಿಯಲ್ಪಟ್ಟ 243 ಹೆಂಗಸರನ್ನು ಮಾತಾಡಿಸಿ 2018ರಲ್ಲಿ ವರದಿ ಹೊರತಂದವು. ಅವರಲ್ಲಿ 193 ಮಂದಿ, ಅಂದರೆ ನೂರಕ್ಕೆ 79, ತಾವು ಒಪ್ಪಿಯೇ ಧಂದೆಯಲ್ಲಿದ್ದೆವು, ಬಿಡಿಸಿ ಎಂದು ಕೇಳಿರಲಿಲ್ಲ ಎಂದರು. ಇದು ಸಂಘಟನೆಯವರೇ ಮಾಡಿದ ಅಧ್ಯಯನ, ಅದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು. ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಉಳಿದ ಐವತ್ತು ಮಂದಿ. ಅವರಿಗೆ ನಿಜಕ್ಕೂ ಸಹಾಯ ಬೇಕಾಗಿತ್ತು ಎಂದುಕೊಂಡರೂ ಅವರಿಗೂ ಸಿಕ್ಕದ್ದು ಅದೇ ಗಾಡಿ, ಅದೇ ಸುಧಾರಗೃಹ, ಅದೇ ಹೊಲಿಗೆ ತರಬೇತಿ.

ನಮ್ಮಲ್ಲೂ ಇದೇ ಬಗೆಯ ಸಂಘಗಳು ಹುಟ್ಟಿವೆ. ಮೈಸೂರಿನ ಆಶೋದಯ ಸಮಿತಿ, ಬಾಗಲಕೋಟೆಯ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಇದಕ್ಕೆ ಎರಡು ಉದಾಹರಣೆ. ಕರ್ನಾಟಕದಲ್ಲಿ ಎಚ್‌ಐವಿ ಇಳಿದದ್ದಕ್ಕೆ ಇಂಥ ಸಂಘಗಳ ಹೆಂಗಸರು ಪಟ್ಟ ಪಾಡೂ ಕಾರಣ ಎಂಬುದನ್ನು ಆರೋಗ್ಯ ಇಲಾಖೆಯವರೇ ಒಪ್ಪುತ್ತಾರೆ. ಗೃಹ ಇಲಾಖೆಗೆ ಮಾತ್ರ ಅದು ಇನ್ನೂ ಮುಟ್ಟಿದಂತಿಲ್ಲ.

ಕೋರ್ಟು ಎಷ್ಟು ದೂರ ಬಂದಿದೆ

2022ರ ಮೇ 19ರಂದು, ಲೈಂಗಿಕ ವೃತ್ತಿಯವರ ಹಕ್ಕುಗಳಿಗೆ ಸಂಬಂಧಿಸಿದ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆದೇಶ ಹೊರಡಿಸಿತು: ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ. ಸುದ್ದಿ ಹೊರಬಿದ್ದಾಗ ಟಿವಿಗಳು “ವೇಶ್ಯಾವಾಟಿಕೆ ಇನ್ನು ಕಾನೂನುಬದ್ಧ” ಎಂದು ಕೂಗಿದವು. ಆದೇಶ ಓದಿದವರಿಗೆ ಅಂಥದ್ದೇನೂ ಕಾಣದು.

ಕೋರ್ಟೇ 2011ರಲ್ಲಿ ನೇಮಿಸಿದ್ದ ಸಮಿತಿ ಹತ್ತು ಶಿಫಾರಸು ಕೊಟ್ಟಿತ್ತು. ಕೇಂದ್ರ ಸರ್ಕಾರ ನಾಲ್ಕಕ್ಕೆ ತಕರಾರು ಎತ್ತಿತು. ಉಳಿದ ಆರನ್ನು ಹೊಸ ಕಾನೂನು ಬರುವ ತನಕ ಪಾಲಿಸಿ ಎಂದು ಕೋರ್ಟ್ ಸಂವಿಧಾನದ 142ನೇ ವಿಧಿಯಡಿ ಹೇಳಿತು. ಅವುಗಳಲ್ಲಿ ಒಳ್ಳೆಯವು ಇವೆ: ಕಾಂಡೋಮನ್ನು ಅಪರಾಧದ ಸಾಕ್ಷ್ಯ ಎಂದು ಪರಿಗಣಿಸಬಾರದು, ಸುಧಾರಗೃಹಗಳ ಸಮೀಕ್ಷೆ ಮಾಡಿ, ಮನಸ್ಸಿಲ್ಲದೆ ಇರಿಸಿಕೊಂಡ ವಯಸ್ಕ ಹೆಂಗಸರ ವಿಷಯ ಪರಿಶೀಲಿಸಿ ಗಡುವಿನೊಳಗೆ ಬಿಡಬೇಕು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳಿಗೆ ಬೇರೆ ಯಾವುದೇ ಸಂತ್ರಸ್ತೆಗೆ ಸಿಗುವ ಎಲ್ಲ ನೆರವೂ ಸಿಗಬೇಕು, ಪತ್ರಿಕೆ–ಟಿವಿಗಳು ರೇಡಿನ ಸುದ್ದಿಯಲ್ಲಿ ಅವಳ ಗುರುತು ಬಿಟ್ಟುಕೊಡಬಾರದು. ಇವುಗಳ ಜೊತೆಗೆ ವಿಳಾಸದ ಪುರಾವೆ ಇಲ್ಲದವಳಿಗೂ ಆಧಾರ್ ಸಿಗುವ ವ್ಯವಸ್ಥೆ ಮಾಡಿಸಿತು. ಅಥಣಿಯ ಹೆಂಗಸಿಗೆ ಸಾಂಗ್ಲಿಯಲ್ಲಿ ರೇಷನ್ ಸಿಗಬೇಕಾದರೆ ಇದು ಸಣ್ಣ ವಿಷಯವಲ್ಲ.

ಗೋಕುಳನಗರದವರಿಗೆ ಬೇಕಿದ್ದದ್ದು ಸಮಿತಿಯ ಒಂದನೇ ಮತ್ತು ಮೂರನೇ ಶಿಫಾರಸು. ವಯಸ್ಕಳು ತನ್ನ ಒಪ್ಪಿಗೆಯಿಂದ ಮಾಡುತ್ತಿದ್ದಾಳೆಂದು ಖಚಿತವಾದರೆ ಪೊಲೀಸರು ಮಧ್ಯೆ ಬರಬಾರದು ಎಂಬುದು ಒಂದು. ರೇಡ್ ನಡೆದಾಗ ಮನೆ ನಡೆಸುವವರ ಮೇಲೆ ಕೇಸು ಹಾಕಿ, ಆ ಹೆಂಗಸರನ್ನು ಬಂಧಿಸುವುದಾಗಲಿ ದಂಡಿಸುವುದಾಗಲಿ ಪೀಡಿಸುವುದಾಗಲಿ ಬೇಡ ಎಂಬುದು ಇನ್ನೊಂದು. ಪಾಲಿಸಿ ಎಂದು ಕೋರ್ಟ್ ಪಟ್ಟಿ ಮಾಡಿದ ಆರರಲ್ಲಿ ಈ ಎರಡೂ ಇಲ್ಲ. ಸರ್ಕಾರದ ತಕರಾರಿನ ನಾಲ್ಕರಲ್ಲಿ ಸೇರಿವೆ. ಮಾನವ ಸಾಗಣೆ ತಡೆಯ ಹೊಸ ಮಸೂದೆಯೊಂದು 2018ರಲ್ಲಿ ಲೋಕಸಭೆ ದಾಟಿ, ರಾಜ್ಯಸಭೆಯಲ್ಲಿ ಅಂಗೀಕಾರವಾಗದೆ ಮರುವರ್ಷ ಬಿದ್ದುಹೋಯಿತು. ರೇಡ್ ಈಗಲೂ 1956ರ ಕಾಯ್ದೆಯ 15ನೇ ಸೆಕ್ಷನ್ನಿನಂತೆಯೇ ನಡೆಯುತ್ತದೆ, ಹಿಡಿದವಳು 17ನೇ ಸೆಕ್ಷನ್ನಿನಂತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುತ್ತಾಳೆ, ಅವಳನ್ನು ಯಾರ ಕೈಗೆ ಒಪ್ಪಿಸಬೇಕು ಎಂದು ಅಲ್ಲಿ ಕೇಳುತ್ತಾರೆ.